ದಫ್ತರ ಕಾಯುವವರ ಸೌಹಾರ್ದ

ಬೀದರ ಜಿಲ್ಲೆಯ ಔರಾದ ಸೀಮೆಯ ಡಾಬಕಾದಲ್ಲಿ ಒಕ್ಕಲುತನ ಮಾಡುವವನೊಬ್ಬನು ಬ್ಯಾಂಕಿನ ಸಾಲಕ್ಕೋ ಬೆಳೆವಿಮೆಗೋ ಪಹಣಿ ಬೇಕಾಗಿ ಕಚೇರಿಯ ಕಿಟಕಿಯ ಮುಂದೆ ನಿಂತಾಗ, ಯಂತ್ರದಿಂದ ಹೊರಬಂದ ಹಾಳೆಯಲ್ಲಿ ತನ್ನ ಹೆಸರು, ಸರ್ವೆ ನಂಬರು, ಎಕರೆ-ಗುಂಟೆಗಳ ಲೆಕ್ಕ ಇವು ಸರಿಯಾಗಿವೆಯೇ ಎಂದು ನೋಡಿಕೊಳ್ಳುವನಲ್ಲದೆ, ಆ ಅಕ್ಷರಗಳು ಎಲ್ಲಿ ಇರುತ್ತವೆ, ಅವನ್ನು ಹಗಲಿರುಳು ಕಾಯುವವರಾರು ಎಂದು ವಿಚಾರಿಸಲು ಹೋಗುವುದಿಲ್ಲ. 1956ರವರೆಗೆ ಹೈದರಾಬಾದು ರಾಜ್ಯಕ್ಕೆ ಸೇರಿದ್ದ ಈ ಜಿಲ್ಲೆಯಲ್ಲಿ ದಫ್ತರವು ಪಟವಾರಿಯ ಸುಪರ್ದಿನಲ್ಲಿ ಕಣ್ಣಿಗೆ ಕಾಣುವ ಕಾಗದದ ಗಂಟಾಗಿದ್ದುದರಿಂದ, ಅದನ್ನು ಕಾಯುವವನ ಮುಖವೂ, ಅವನ ಗುಣದೋಷಗಳೂ ಊರಿಗೆ ಚೆನ್ನಾಗಿ ಪರಿಚಿತವಾಗಿದ್ದವು. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಎಂಬ ಯೋಜನೆಯ ಮೂಲಕ ಕರ್ನಾಟಕದ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರದೊಳಕ್ಕೆ ಇಳಿದ ಮೇಲೆ ದಫ್ತರವೂ ಕಾಣದಾಯಿತು, ಕಾವಲಿಗನೂ ಕಾಣದಾದನು.

ಹೀಗೆ ಕಣ್ಣಿಗೆ ಕಾಣದ ದಫ್ತರಕ್ಕೆ ಡೇಟಾಬೇಸ್ ಎಂದು ಹೆಸರು. 1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಎಂಬ ಗಣಿತಜ್ಞನು, ಸಮಸ್ತ ಮಾಹಿತಿಯನ್ನೂ ಸಾಲು-ಕಂಬಗಳುಳ್ಳ ಕೋಷ್ಟಕಗಳಲ್ಲಿರಿಸಿ, ಅವುಗಳ ಪರಸ್ಪರ ಸಂಬಂಧವನ್ನು ಗಣಿತದ ನಿಯಮಗಳಿಂದ ನಿರ್ವಹಿಸಬಹುದೆಂದು ಪ್ರತಿಪಾದಿಸಿದಂದಿನಿಂದ ಈ ಶಾಸ್ತ್ರವು ಬೆಳೆಯುತ್ತ ಬಂದಿದೆ. ಬ್ಯಾಂಕಿನ ಖಾತೆ, ರೈಲ್ವೆಯ ಟಿಕೆಟ್ಟು, ಆಸ್ಪತ್ರೆಯ ರೋಗಿಯ ಚೀಟಿ, ಪಡಿತರದ ಪಟ್ಟಿ ಇವೆಲ್ಲ ಇಂದು ಬಹುಮಟ್ಟಿಗೆ ಇಂಥ ಕೋಷ್ಟಕಗಳಲ್ಲಿ ನೆಲೆಸಿವೆ. ಅವುಗಳ ಪಾಲಕನನ್ನು ವೃತ್ತಿಯವರು ‘ಡಿಬಿಎ’ (ಡೇಟಾಬೇಸ್ ಅಡ್ಮಿನಿಸ್ಟ್ರೇಟರ್) ಎಂದು ಕರೆಯುತ್ತಾರೆ. ಬೀದರ ಜಿಲ್ಲೆಯ ತರುಣರಿಗೆ ಈ ಉದ್ಯೋಗ ಅಪರಿಚಿತವೇನಲ್ಲ. ಬೀದರದ ಗುರುನಾನಕ ದೇವ, ಭಾಲ್ಕಿಯ ಭೀಮಣ್ಣ ಖಂಡ್ರೆ ಇವರ ಹೆಸರಿನ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿ, ಹೈದರಾಬಾದು, ಪುಣೆ, ಬೆಂಗಳೂರುಗಳ ದಾರಿ ಹಿಡಿದವರಲ್ಲಿ ಕೆಲವರಾದರೂ ಈ ಕಾಣದ ದಫ್ತರಗಳ ಕಾವಲಿಗೆ ನಿಂತಿರುತ್ತಾರೆ.

ಈ ವೃತ್ತಿಯ ಒಂದು ವಿಶೇಷವನ್ನು ಹೊರಗಿನವರು ಅರಿಯರು. ಅದು ಏಕಾಂತದ ವೃತ್ತಿ. ನೂರಾರು ಮಂದಿ ತಂತ್ರಾಂಶ ಬರೆಯುವ ಸಂಸ್ಥೆಯಲ್ಲಿಯೂ ಡೇಟಾಬೇಸನ್ನು ನೋಡಿಕೊಳ್ಳುವವರು ಒಬ್ಬಿಬ್ಬರೇ. ಹಗಲೆಲ್ಲ ಜನರು ಅದನ್ನು ಬಳಸುತ್ತಿರುವುದರಿಂದ, ದುರಸ್ತಿಯ ಕೆಲಸ ಬಹುಮಟ್ಟಿಗೆ ರಾತ್ರಿಯ ಪಾಲಿಗೇ ಬರುತ್ತದೆ. ನಡುರಾತ್ರಿ ಎರಡು ಗಂಟೆಗೆ, ಬೆಳಗಾಗುವುದರೊಳಗೆ ಸರಿಹೋಗಲೇಬೇಕಾದ ತೊಡಕೊಂದು ಎದುರಾದಾಗ, ಪಕ್ಕದ ಮೇಜಿನವನನ್ನು ಕೇಳೋಣವೆಂದರೆ ಪಕ್ಕದ ಮೇಜೇ ಇರುವುದಿಲ್ಲ. ಆಗ ಅವನಿಗೆ ನೆರವಾಗುವವನು ಪೋಲೆಂಡಿನಲ್ಲಿಯೋ ಬ್ರೆಜಿಲಿನಲ್ಲಿಯೋ ಇರುವ, ಎಂದೂ ಮುಖ ಕಂಡಿರದ, ಬಹುಶಃ ಪ್ರತಿಸ್ಪರ್ಧಿ ಸಂಸ್ಥೆಯಲ್ಲಿಯೇ ಸಂಬಳ ಪಡೆಯುತ್ತಿರುವ ಸಮಾನವೃತ್ತಿಯವನು. ಒಂದೇ ಊರಿನ ಇಬ್ಬರು ವರ್ತಕರು ತಮ್ಮ ವ್ಯಾಪಾರದ ಮರ್ಮವನ್ನು ಪರಸ್ಪರ ಹೇಳಿಕೊಳ್ಳದ ಈ ಲೋಕದಲ್ಲಿ ಇದು ವಿಸ್ಮಯಾವಹವಾದ ಸಂಗತಿಯೇ ಸರಿ.

ಉದಾಹರಣೆಗೆ ಪೋಸ್ಟ್‌ಗ್ರೆಸ್‌ಕ್ಯೂಎಲ್ (ಚಿಕ್ಕದಾಗಿ ಪೋಸ್ಟ್‌ಗ್ರೆಸ್) ಎಂಬ ಡೇಟಾಬೇಸ್ ತಂತ್ರಾಂಶವನ್ನು ನೋಡಬಹುದು. 1986ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರರ ನೇತೃತ್ವದಲ್ಲಿ ಹುಟ್ಟಿ, 1996ರಲ್ಲಿ ಈಗಿನ ಹೆಸರನ್ನು ಪಡೆದ ಇದು ಯಾವೊಂದು ಕಂಪನಿಯ ಸ್ವತ್ತೂ ಅಲ್ಲ. ಯಾರು ಬೇಕಾದರೂ ದುಡ್ಡು ಕೊಡದೆ ಬಳಸಬಹುದು. ಇದರ ಪ್ರಮುಖ ನಿರ್ಮಾತೃಗಳಲ್ಲೊಬ್ಬರಾದ ಟಾಮ್ ಲೇನ್ ಅವರಂಥ ಹಿರಿಯರು ಎರಡು ದಶಕಗಳಿಗೂ ಮಿಕ್ಕಿ, ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವರ ಪ್ರಶ್ನೆಗಳಿಗೂ ತಾವೇ ಉತ್ತರ ಬರೆಯುತ್ತ ಬಂದಿದ್ದಾರೆ. ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ ಎಂಬ ಇನ್ನೊಂದು ಡೇಟಾಬೇಸ್ ತಂತ್ರಾಂಶವನ್ನು ಬಳಸುವವರಾದರೋ ತಮ್ಮ ಬಳಗವನ್ನು ‘ಎಸ್‌ಕ್ಯೂಎಲ್ ಕುಟುಂಬ’ ಎಂದೇ ಕರೆದುಕೊಂಡರು. 1999ರಲ್ಲಿ ಸ್ಥಾಪಿತವಾದ ಅವರ ‘ಪಾಸ್’ ಎಂಬ ವೃತ್ತಿಸಂಘವು 2021ರ ಜನವರಿಯಲ್ಲಿ ಬಾಗಿಲು ಹಾಕಿದರೂ, ಕುಟುಂಬವೇನೂ ಚೆದುರಿಹೋಗಲಿಲ್ಲ. ನಮ್ಮ ಬೆಂಗಳೂರಿನಲ್ಲಿಯೂ ಪೋಸ್ಟ್‌ಗ್ರೆಸ್ ಬಳಗದ ಅಖಿಲ ಭಾರತ ಸಮ್ಮೇಳನಗಳು ನಡೆದಿವೆ.

ಈ ಸೌಹಾರ್ದವು ನಿಯಮವಿಲ್ಲದೆ ಬದುಕಿದ್ದಲ್ಲ. ಅಂತರ್ಜಾಲದ ಶಿಷ್ಟಾಚಾರವನ್ನು ಕುರಿತ ಮಾರ್ಗದರ್ಶಿಯೊಂದು 1995ರಷ್ಟು ಹಿಂದೆಯೇ ಪ್ರಕಟವಾಗಿತ್ತು. ಡೇಟಾಬೇಸಿನವರು ಅದಕ್ಕೆ ತಮ್ಮ ವೃತ್ತಿಗೆ ಒಪ್ಪುವ ಕಟ್ಟುಪಾಡುಗಳನ್ನು ಸೇರಿಸಿಕೊಂಡರು. ‘ಡೇಟಾಬೇಸ್ ನಿಧಾನವಾಗಿದೆ, ಅರ್ಜೆಂಟ್, ಸಹಾಯ ಮಾಡಿ ಸರ್’ ಎಂದಿಷ್ಟೇ ಬರೆದವನಿಗೆ ಉತ್ತರ ಸಿಗುವುದು ದುರ್ಲಭ. ಯಾವ ತಂತ್ರಾಂಶ, ಅದರ ಎಷ್ಟನೆಯ ಆವೃತ್ತಿ, ಕೋಷ್ಟಕದ ರಚನೆ ಹೇಗಿದೆ, ಎಷ್ಟು ಸಾಲುಗಳಿವೆ, ಹುಡುಕಾಟವನ್ನು ಬೇಗಗೊಳಿಸುವ ಯಾವ ಇಂಡೆಕ್ಸುಗಳಿವೆ, ಡೇಟಾಬೇಸಿಗೆ ಕೇಳಿದ ಕ್ವೆರಿ ಯಾವುದು, ಯಂತ್ರವು ಅದನ್ನು ಯಾವ ಕ್ರಮದಲ್ಲಿ ನಿರ್ವಹಿಸಿತು, ನಿರೀಕ್ಷಿಸಿದ್ದು ಏನು, ದೊರೆತದ್ದು ಏನು ಎಂಬುದಿಷ್ಟನ್ನೂ ಹೇಳಿದವನ ಪ್ರಶ್ನೆಯು ಅರ್ಧ ಪರಿಹಾರವನ್ನು ತನ್ನೊಳಗೇ ಇರಿಸಿಕೊಂಡು ಬಂದಿರುತ್ತದೆ. ಎಷ್ಟೋ ವೇಳೆ ಹಾಗೆ ಬರೆಯುತ್ತ ಬರೆಯುತ್ತಲೇ ಕೇಳುವವನಿಗೆ ಉತ್ತರ ಹೊಳೆದುಬಿಡುವುದೂ ಉಂಟು. ಪರದೆಯ ಚಿತ್ರ ತೆಗೆದು ಕಳುಹಿಸುವುದು ಸಲ್ಲದು, ಏಕೆಂದರೆ ಉತ್ತರಿಸುವವನು ಅದರಿಂದ ಒಂದಕ್ಷರವನ್ನೂ ನಕಲಿಸಿ ತನ್ನ ಯಂತ್ರದಲ್ಲಿ ಪರೀಕ್ಷಿಸಲಾರ. ಒಂದೇ ಪ್ರಶ್ನೆಯನ್ನು ಹತ್ತು ಕಡೆ ಬಿತ್ತುವುದೂ ಸಲ್ಲದು. ಒಂದು ಕಡೆ ಪರಿಹಾರವಾದದ್ದು ತಿಳಿಯದೆ, ಮಿಕ್ಕ ಒಂಬತ್ತು ಕಡೆಗಳಲ್ಲಿ ಸಜ್ಜನರು ತಮ್ಮ ಸಂಜೆಯನ್ನು ವ್ಯರ್ಥ ಮಾಡಿಕೊಳ್ಳುತ್ತಾರೆ.

ಇವೆಲ್ಲಕ್ಕಿಂತ ಹೆಚ್ಚಾಗಿ ಉಲ್ಲಂಘನೆಯಾಗುವ ನಿಯಮ ಮತ್ತೊಂದಿದೆ. ತೊಡಕು ಬಗೆಹರಿದ ಮೇಲೆ ಮರಳಿ ಬಂದು, ಯಾವ ಉಪಾಯದಿಂದ ಬಗೆಹರಿಯಿತೆಂದು ಬರೆದಿಡಬೇಕು. ಕೆಲಸ ಮುಗಿಯಿತೆಂದು ಎದ್ದುಹೋದವನಿಗೆ ನಷ್ಟವೇನೂ ಇಲ್ಲ. ಆದರೆ ಐದು ವರ್ಷಗಳ ತರುವಾಯ ಅದೇ ತೊಡಕಿನಲ್ಲಿ ಸಿಲುಕಿದ ಇನ್ನೊಬ್ಬನು ಹುಡುಕುತ್ತ ಬಂದು, ಪ್ರಶ್ನೆ ಮಾತ್ರ ಇದ್ದು ಉತ್ತರವಿಲ್ಲದ ಆ ಪುಟದ ಮುಂದೆ ಹತಾಶನಾಗಿ ಕೂರುತ್ತಾನೆ. ಈ ಸಂಕಟ ಎಷ್ಟು ಸಾರ್ವತ್ರಿಕವೆಂದರೆ, ರ್‍ಯಾಂಡಲ್ ಮನ್ರೋ ಎಂಬ ಅಮೆರಿಕದ ವ್ಯಂಗ್ಯಚಿತ್ರಕಾರರು ಅದನ್ನೇ ವಸ್ತುವಾಗಿಸಿ ರಚಿಸಿದ ಚಿತ್ರವೊಂದು ಈ ವೃತ್ತಿಯವರ ನಡುವೆ ಪ್ರಸಿದ್ಧವಾಗಿದೆ.

ಇನ್ನು ಗೋಪ್ಯತೆಯ ವಿಚಾರ. ಪ್ರಶ್ನೆ ಕೇಳುವಾಗ ಕೋಷ್ಟಕದ ಮಾದರಿಯನ್ನು ತೋರಿಸಬೇಕು, ನಿಜವಾದ ಮಾಹಿತಿಯನ್ನು ತೋರಿಸಬಾರದು. ಖಾತೆದಾರನ ಹೆಸರು, ಆಧಾರ್ ಸಂಖ್ಯೆ, ಫೋನ್ ನಂಬರು ಇವುಗಳ ಸ್ಥಾನದಲ್ಲಿ ಕಲ್ಪಿತವಾದವುಗಳನ್ನಿಟ್ಟು ಕೇಳಬೇಕು. ಅವು ಕೇಳುವವನ ಸ್ವತ್ತಲ್ಲ, ಬೇರೆಯವರು ನಂಬಿ ಕೊಟ್ಟ ಒತ್ತೆ. ವೈಯಕ್ತಿಕ ಮಾಹಿತಿಯ ಸಂರಕ್ಷಣೆಗಾಗಿ 2023ರಲ್ಲಿ ಸಂಸತ್ತು ಶಾಸನವನ್ನೇ ಅಂಗೀಕರಿಸಿರುವುದರಿಂದ ಇದು ಈಗ ಸೌಜನ್ಯದ ಮಾತಷ್ಟೇ ಆಗಿ ಉಳಿದಿಲ್ಲ. ಅಂತೆಯೇ, ಎಂಥ ಆಪ್ತನೇ ಆಗಲಿ, ಪಾಸ್‌ವರ್ಡನ್ನು ಕೇಳಬಾರದು, ಕೇಳಿದರೂ ಕೊಡಬಾರದು.

ಈ ಕೊನೆಯ ನಿಯಮವನ್ನು ಬೀದರದವರಿಗೆ ಯಾವ ವಿದೇಶೀಯನೂ ಬಂದು ಕಲಿಸಬೇಕಾಗಿಲ್ಲ. 1472ರಲ್ಲಿ ಇಲ್ಲಿಯ ಮದರಸಾವನ್ನು ಕಟ್ಟಿಸಿದ ಖ್ವಾಜಾ ಮಹಮೂದ್ ಗವಾನನು ಬಹಮನಿ ರಾಜ್ಯದ ಮಹಾಮಂತ್ರಿ. ಭೂಮಿಯನ್ನು ಅಳೆಯಿಸಿ ಕಂದಾಯವನ್ನು ಕ್ರಮಪಡಿಸಿದ ಆಡಳಿತಗಾರ. ಅದರ ಜೊತೆಗೆ ಪತ್ರಲೇಖನದ ಕಲೆಯ ಮೇಲೆ ‘ಮನಾಜಿರ್-ಉಲ್-ಇನ್‌ಶಾ’ ಎಂಬ ಪಾರಸಿ ಗ್ರಂಥವನ್ನೇ ಬರೆದ ವಿದ್ವಾಂಸ. ದೂರದೇಶಗಳ ಅರಸರೊಡನೆಯೂ ಪಂಡಿತರೊಡನೆಯೂ ಅವನು ನಡೆಸಿದ ಪತ್ರವ್ಯವಹಾರವು ‘ರಿಯಾಜ್-ಉಲ್-ಇನ್‌ಶಾ’ ಎಂಬ ಸಂಕಲನವಾಗಿ ಉಳಿದಿದೆ. ಮುಖ ಕಾಣದವರೊಡನೆ ಅಕ್ಷರಗಳ ಮೂಲಕವೇ ಸಖ್ಯ ಬೆಳೆಸುವುದು, ಕೇಳುವುದನ್ನು ಕ್ರಮವಾಗಿ ಕೇಳುವುದು ಈ ನೆಲದಲ್ಲಿ ಐದು ಶತಮಾನಗಳ ಹಿಂದೆಯೇ ಶಾಸ್ತ್ರವಾಗಿ ಬರೆಯಲ್ಪಟ್ಟಿತ್ತೆಂಬುದನ್ನು ನಾವು ನೆನೆಯುವುದು ಕಡಿಮೆ. ಅಂಥವನನ್ನು ವೈರಿಗಳು ಕೆಡವಿದ್ದು ಖಡ್ಗದಿಂದಲ್ಲ. ಇತಿಹಾಸಕಾರ ಫರಿಷ್ತಾ ಹೇಳುವಂತೆ, ಖ್ವಾಜಾನ ಮುದ್ರೆಯನ್ನು ಕಾಯುತ್ತಿದ್ದ ಸೇವಕನನ್ನು ಒಲಿಸಿಕೊಂಡು ಬರಿಯ ಕಾಗದದ ಮೇಲೆ ಮುದ್ರೆ ಒತ್ತಿಸಿ, ಅದರಲ್ಲಿ ಒರಿಸ್ಸಾದ ಅರಸನಿಗೆ ಬರೆದ ದ್ರೋಹಪತ್ರವನ್ನು ಸೃಷ್ಟಿಸಿ ಸುಲ್ತಾನನ ಮುಂದಿರಿಸಿದರು. ಮುದ್ರೆ ನನ್ನದು, ಪತ್ರ ಮಾತ್ರ ನನ್ನದಲ್ಲ ಎಂದು ಖ್ವಾಜಾನು ಅರಿಕೆ ಮಾಡಿಕೊಂಡರೂ ಫಲವಾಗಲಿಲ್ಲ. 1481ರ ಏಪ್ರಿಲಿನಲ್ಲಿ ಅವನ ಶಿರಚ್ಛೇದವಾಯಿತು. ‘ಭೂಮಿ’ಯ ನಿರ್ಮಾಪಕರು ದಾಖಲೆಯನ್ನು ತಿದ್ದುವ ಸಿಬ್ಬಂದಿಗೆ ಪಾಸ್‌ವರ್ಡಿನ ಬದಲು ಬೆರಳಚ್ಚಿನ ಗುರುತನ್ನು ವಿಧಿಸಿದ್ದರ ಉದ್ದೇಶವೂ ಇದೇ: ಮುದ್ರೆ ನನ್ನದು, ತಿದ್ದುಪಡಿ ಬೇರೆಯವರದು ಎಂಬ ಮಾತಿಗೆ ಆಸ್ಪದವಿರಬಾರದು.

ತಪ್ಪು ಮಾಡಿದವನೊಡನೆ ಹೇಗೆ ನಡೆದುಕೊಳ್ಳಬೇಕೆಂಬಲ್ಲಿ ಈ ಬಳಗದ ಶೀಲವು ನಿಜವಾಗಿ ಪರೀಕ್ಷೆಗೆ ಬೀಳುತ್ತದೆ. 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಎಂಬ ಸಂಸ್ಥೆಯ ಇಂಜಿನಿಯರನೊಬ್ಬನು, ಹಠ ಹಿಡಿದ ತೊಡಕೊಂದನ್ನು ಬಿಡಿಸುತ್ತ, ಉಪಸರ್ವರಿನಲ್ಲಿ ಅಳಿಸಬೇಕಾಗಿದ್ದ ಕಡತಗಳನ್ನು ಪ್ರಧಾನ ಸರ್ವರಿನಲ್ಲಿ ಅಳಿಸಿಬಿಟ್ಟನು. ಒಂದೆರಡು ಕ್ಷಣಗಳಲ್ಲಿಯೇ ಅರಿವಾಗಿ ಆಜ್ಞೆಯನ್ನು ತಡೆದನಾದರೂ, ಸುಮಾರು 300 ಗಿಗಾಬೈಟುಗಳಲ್ಲಿ ಉಳಿದದ್ದು ನಾಲ್ಕೂವರೆ ಮಾತ್ರ. ಬ್ಯಾಕಪ್ ಇದೆಯಲ್ಲವೇ ಎಂದು ನೋಡಹೋದರೆ, ನಿತ್ಯದ ಬ್ಯಾಕಪ್ಪು ಆವೃತ್ತಿಗಳ ಹೊಂದಾಣಿಕೆಯಿಲ್ಲದೆ ಸದ್ದಿಲ್ಲದೆ ವಿಫಲವಾಗುತ್ತಿತ್ತು. ವಿಫಲವಾಯಿತೆಂದು ಎಚ್ಚರಿಸುವ ಮಿಂಚಂಚೆಗಳೂ ತಲುಪುತ್ತಿರಲಿಲ್ಲ. ಆರು ಗಂಟೆಗಳ ಮುಂಚೆ ಬೇರೆ ಕೆಲಸಕ್ಕೆಂದು ತೆಗೆದಿರಿಸಿದ್ದ ಪ್ರತಿಯೊಂದು ದೈವವಶದಿಂದ ಸಿಕ್ಕಿದ್ದರಿಂದ ಅಲ್ಲಿಯವರೆಗಿನದು ಉಳಿಯಿತು.

ಸಂಸ್ಥೆಯು ಇದನ್ನು ಮುಚ್ಚಿಡಲಿಲ್ಲ. ರಕ್ಷಣಾಕಾರ್ಯದ ಟಿಪ್ಪಣಿಗಳನ್ನು ಆಗಿಂದಾಗ್ಗೆ ಎಲ್ಲರಿಗೂ ಕಾಣುವಂತೆ ತೆರೆದಿಟ್ಟಿತು. ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡಿತು. ಸಾವಿರಾರು ಮಂದಿ ನೋಡಿದರು. ಗೇಲಿ ಮಾಡಿದವರು ಇದ್ದರಾದರೂ, ಅದೇ ವೃತ್ತಿಯವರಿಂದ ಬಂದದ್ದು ಬಹುಮಟ್ಟಿಗೆ ಸಮಾಧಾನದ ಮಾತು, ಸಲಹೆ, ತಮ್ಮ ಕೈಯಲ್ಲೂ ಹೀಗಾಗಿತ್ತೆಂಬ ನಿವೇದನೆ. ಇದನ್ನು ಬರಿಯ ಹೃದಯವೈಶಾಲ್ಯವೆಂದು ಹೊಗಳಿ ಸುಮ್ಮನಾಗುವುದು ವಿಷಯವನ್ನು ಅರ್ಧ ತಿಳಿದಂತೆ. ಬೈಗುಳಕ್ಕೆ ಹೆದರಿದವನು ತಪ್ಪನ್ನು ಬಚ್ಚಿಡುತ್ತಾನೆ. ಬಚ್ಚಿಟ್ಟ ತಪ್ಪು ದಫ್ತರದೊಳಗೆ ಬೆಳೆಯುತ್ತ ಹೋಗಿ, ಬೆಳಕಿಗೆ ಬರುವ ಹೊತ್ತಿಗೆ ಬ್ಯಾಕಪ್ಪುಗಳಲ್ಲಿಯೂ ವ್ಯಾಪಿಸಿರುತ್ತದೆ. ಆದಕಾರಣ ಈ ವೃತ್ತಿಯಲ್ಲಿ ಸೌಜನ್ಯವೆಂಬುದು ಅಲಂಕಾರವಲ್ಲ, ದಾಖಲೆಯ ರಕ್ಷಣೋಪಾಯಗಳಲ್ಲಿ ಅದೂ ಒಂದು ಎಂಬುದೇ ನನ್ನ ಅಭಿಪ್ರಾಯ. ತಪ್ಪಿನ ಕಾರಣವನ್ನು ಹುಡುಕುವಾಗ ವ್ಯಕ್ತಿಯನ್ನು ದೂಷಿಸಬಾರದೆಂಬ ತತ್ತ್ವವನ್ನು ಎಟ್ಸಿ ಸಂಸ್ಥೆಯ ಜಾನ್ ಆಲ್‌ಸ್ಪಾ ಅವರು 2012ರಲ್ಲಿಯೇ ವಿಶದವಾಗಿ ಬರೆದಿದ್ದರು.

ಬಳಗವೆಲ್ಲ ಸಾಧುಗಳಿಂದಲೇ ತುಂಬಿದೆಯೆಂದು ಭ್ರಮಿಸಬೇಕಾಗಿಲ್ಲ. ಹೊಸಬನ ಪ್ರಶ್ನೆಯನ್ನು ಒಂದೇ ಸಾಲಿನಲ್ಲಿ ಹೀಗಳೆದು ಕಳುಹಿಸುವ ಪಂಡಿತಮ್ಮನ್ಯರಿಗೆ ಅಲ್ಲಿಯೂ ಕೊರತೆಯಿಲ್ಲ. ತಂತ್ರಾಂಶದವರ ಪ್ರಶ್ನೋತ್ತರಗಳಿಗೆ ಹೆಸರಾದ ಸ್ಟ್ಯಾಕ್ ಓವರ್‌ಫ್ಲೋ ಸಂಸ್ಥೆಯು, ತನ್ನಲ್ಲಿ ಹೊಸಬರಿಗೆ ಸ್ವಾಗತ ಸಾಲದೆಂದು 2018ರಲ್ಲಿ ತಾನೇ ಬಹಿರಂಗವಾಗಿ ಒಪ್ಪಿಕೊಂಡಿತು. ಪೋಸ್ಟ್‌ಗ್ರೆಸ್ ಬಳಗವೂ ಅದೇ ವರ್ಷ ಲಿಖಿತ ನಡಾವಳಿಯೊಂದನ್ನು ಅಂಗೀಕರಿಸಿತು. ಆದರೂ ಒರಟುತನವನ್ನೂ ನಿಷ್ಠುರತೆಯನ್ನೂ ಬೆರೆಸಬಾರದು. ಆವೃತ್ತಿ ಯಾವುದೆಂದು ಹೇಳದವನನ್ನು ಮೊದಲು ಅದನ್ನು ಹೇಳೆಂದು ಕೇಳುವವನು, ಸಂಬಳವಿಲ್ಲದೆ ತನ್ನ ವಿರಾಮವನ್ನು ವ್ಯಯಿಸುತ್ತಿರುವ ಉಪಕಾರಿ. ಅವನ ಮಾತಿಗೆ ಮುನಿಯುವುದು ತಕ್ಕುದಲ್ಲ.

ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಪೇಟೆಯಲ್ಲಿ ಉರ್ದು ಎಂದು ಮೂರು ನುಡಿಗಳಲ್ಲಿ ಸಲೀಸಾಗಿ ವ್ಯವಹರಿಸುವ ಬೀದರ ಕಡೆಯ ಹುಡುಗರು, ನಾಲ್ಕನೆಯದಾದ ಇಂಗ್ಲಿಷಿನಲ್ಲಿ ಬರೆಯಬೇಕಾದಾಗ ಮಾತ್ರ ಸಂಕೋಚದಿಂದ ಹಿಂದೆ ಸರಿಯುತ್ತಾರೆ; ಬರೆದರೂ ಕ್ಷಮಾಪಣೆ, ‘ಸರ್’ ಎಂಬ ಸಂಬೋಧನೆ ಇವುಗಳಲ್ಲಿಯೇ ಮೂರು ಸಾಲುಗಳನ್ನು ಕಳೆಯುತ್ತಾರೆ. ಆ ಬಳಗದಲ್ಲಿ ವ್ಯಾಕರಣವನ್ನು ನೋಡುವವರು ವಿರಳ, ಕೋಷ್ಟಕದ ರಚನೆಯನ್ನು ನೋಡುವವರೇ ಎಲ್ಲ. ಬೀದರ, ಭಾಲ್ಕಿಗಳ ಕಾಲೇಜುಗಳ ಅಧ್ಯಾಪಕರಲ್ಲಿ ಆದ್ದರಿಂದ ಒಂದು ವಿಜ್ಞಾಪನೆ: ಡೇಟಾಬೇಸನ್ನು ಪ್ರಶ್ನಿಸುವ ಭಾಷೆಯಾದ ಎಸ್‌ಕ್ಯೂಎಲ್ ಕಲಿಸುವ ಪ್ರಯೋಗಾಲಯದ ಅವಧಿಗಳಲ್ಲಿ ಒಂದನ್ನು, ಪ್ರಶ್ನೆಯನ್ನು ಕ್ರಮವಾಗಿ ಬರೆಯುವುದಕ್ಕೂ, ಇನ್ನೊಬ್ಬನ ಪ್ರಶ್ನೆಗೆ ಮರ್ಯಾದೆಯಿಂದ ಉತ್ತರಿಸುವುದಕ್ಕೂ ಮೀಸಲಿಡಿರಿ, ಅದಕ್ಕೆ ಅಂಕಗಳನ್ನೂ ಕೊಡಿರಿ.