ಕಾಲೇಜಿನ ಆಯ್ಕೆ: ಅರ್ಜಿಗೆ ಮುನ್ನ ಅರಿಯಬೇಕಾದ ಸಂಗತಿಗಳು

ಉನ್ನತ ಶಿಕ್ಷಣಕ್ಕಾಗಿ ಹೊರರಾಜ್ಯಕ್ಕೆ ತೆರಳುವ ವಿದ್ಯಾರ್ಥಿಗೆ ಮೊದಲು ತಿಳಿಯುವುದು ಕಾಲೇಜಿನ ಹೆಸರು. ಅದರ ನಿಜಸ್ವರೂಪ ತಿಳಿಯುವ ವೇಳೆಗೆ ಅನೇಕ ವೇಳೆ ಶುಲ್ಕ ಪಾವತಿಯಾಗಿರುತ್ತದೆ. ಅರ್ಜಿ ಸಲ್ಲಿಸುವ ಮುನ್ನವೇ ವಿಚಾರಿಸಿ, ಹೋಲಿಸಿ ನೋಡುವುದು ಏಕೆ ಅಗತ್ಯವೆಂಬುದಕ್ಕೆ ಕೋಲ್ಕತ್ತ ನಗರ ಉತ್ತಮ ನಿದರ್ಶನ.

ಕಲ್ಕತ್ತಾ ವಿಶ್ವವಿದ್ಯಾನಿಲಯವು 1857ರಲ್ಲಿ ಸ್ಥಾಪನೆಗೊಂಡಿತು. 1830ರಲ್ಲಿ ಆರಂಭವಾದ ಸ್ಕಾಟಿಷ್ ಚರ್ಚ್ ಕಾಲೇಜು ಈ ವಿಶ್ವವಿದ್ಯಾನಿಲಯದ ಸಂಯೋಜಿತ ಕಾಲೇಜು. 1860ರ ಸೇಂಟ್ ಕ್ಸೇವಿಯರ್ಸ್ ಕಾಲೇಜು 2006ರಲ್ಲಿ ಸ್ವಾಯತ್ತತೆ ಪಡೆದು ಪಠ್ಯಕ್ರಮವನ್ನು ತಾನೇ ರೂಪಿಸುತ್ತದೆಯಾದರೂ ಪದವಿ ನೀಡುವುದು ವಿಶ್ವವಿದ್ಯಾನಿಲಯವೇ. 1817ರ ಹಿಂದೂ ಕಾಲೇಜು 1855ರಲ್ಲಿ ಪ್ರೆಸಿಡೆನ್ಸಿ ಕಾಲೇಜಾಗಿ, 2010ರಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. ಒಂದೇ ನಗರದಲ್ಲಿದ್ದರೂ ಈ ಮೂರೂ ಬೇರೆ ಬೇರೆ ಬಗೆಯ ಸಂಸ್ಥೆಗಳು.

ಆದುದರಿಂದ ಮೊದಲು ಕೇಳಬೇಕಾದ ಪ್ರಶ್ನೆ: ಪದವಿ ನೀಡುವವರು ಯಾರು? 1956ರ ಯು.ಜಿ.ಸಿ. ಕಾಯಿದೆಯಂತೆ ಕೇಂದ್ರ ಅಥವಾ ರಾಜ್ಯ ಶಾಸನದಿಂದ ಸ್ಥಾಪಿತವಾದ ವಿಶ್ವವಿದ್ಯಾನಿಲಯಗಳು, ವಿಶ್ವವಿದ್ಯಾನಿಲಯವೆಂದು ಪರಿಗಣಿತವಾದ ಸಂಸ್ಥೆಗಳು ಹಾಗೂ ಸಂಸತ್ತಿನಿಂದ ವಿಶೇಷ ಅಧಿಕಾರ ಪಡೆದ ಸಂಸ್ಥೆಗಳು ಮಾತ್ರ ಪದವಿ ನೀಡಬಲ್ಲವು. ಆಯೋಗ ಪ್ರಕಟಿಸಿರುವ ನಕಲಿ ವಿಶ್ವವಿದ್ಯಾನಿಲಯಗಳ ಪಟ್ಟಿಯಲ್ಲಿ ಕೋಲ್ಕತ್ತದ ವಿಳಾಸಗಳೂ ಇವೆ. ಇಂತಹ ಸಂಸ್ಥೆಗಳ ಪದವಿ ಉದ್ಯೋಗಕ್ಕಾಗಲಿ, ಮುಂದಿನ ವ್ಯಾಸಂಗಕ್ಕಾಗಲಿ ಮಾನ್ಯವಲ್ಲ. ಕಳೆದ ವರ್ಷಗಳೂ ಮರಳಿ ಬಾರವು.

ಎರಡನೆಯದು ಗುಣಮಟ್ಟ. 1994ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ನ್ಯಾಕ್ ಪರಿಷತ್ತು ಕಾಲೇಜುಗಳ ಮೌಲ್ಯಮಾಪನ ನಡೆಸುತ್ತದೆ. ಮಾನ್ಯತೆಗೆ ಅವಧಿಯಿರುವುದರಿಂದ ಅದು ದೊರೆತ ವರ್ಷವನ್ನೂ ಗಮನಿಸಬೇಕು. 2016ರಿಂದ ಕೇಂದ್ರ ಸರ್ಕಾರದ ರಾಷ್ಟ್ರೀಯ ಶ್ರೇಯಾಂಕ ಪಟ್ಟಿಯೂ ಪ್ರಕಟವಾಗುತ್ತಿದೆ. ಆದರೆ ಕಾಲೇಜಿಗೆ ದೊರೆತ ಶ್ರೇಯಾಂಕ ಅಲ್ಲಿನ ಪ್ರತಿಯೊಂದು ವಿಭಾಗದ ಅಳತೆಗೋಲಲ್ಲ. ವಿದ್ಯಾರ್ಥಿ ಓದಬಯಸುವ ವಿಷಯಕ್ಕೆ ಕಾಯಂ ಅಧ್ಯಾಪಕರು, ಪ್ರಯೋಗಾಲಯ ಮತ್ತು ಗ್ರಂಥಾಲಯ ಇವೆಯೇ ಎಂಬುದನ್ನು ಪ್ರತ್ಯೇಕವಾಗಿ ವಿಚಾರಿಸಬೇಕು.

ಪ್ರವೇಶದ ದಾರಿಯೂ ಎಲ್ಲೆಡೆ ಒಂದೇ ಅಲ್ಲ. ಪಶ್ಚಿಮ ಬಂಗಾಳ ಸರ್ಕಾರವು 2024ರಲ್ಲಿ ಸರ್ಕಾರಿ ಹಾಗೂ ಅನುದಾನಿತ ಕಾಲೇಜುಗಳಿಗೆ ಏಕೀಕೃತ ಆನ್‌ಲೈನ್ ವ್ಯವಸ್ಥೆಯನ್ನು ಜಾರಿಗೆ ತಂದಾಗ ಸ್ವಾಯತ್ತ ಕಾಲೇಜುಗಳು ಅದರ ಹೊರಗಿದ್ದವು. ಎಲ್ಲ ವ್ಯಾಸಂಗಕ್ಕೂ ದೂರ ಹೋಗಬೇಕೆಂದೂ ಇಲ್ಲ. ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಬಿ.ಸ್ಟ್ಯಾಟ್. ವ್ಯಾಸಂಗವನ್ನು ಅಲ್ಲಿ ನಡೆಸಿದರೆ, ಬಿ.ಮ್ಯಾಥ್. ವ್ಯಾಸಂಗವನ್ನು ತನ್ನ ಬೆಂಗಳೂರು ಕೇಂದ್ರದಲ್ಲಿ ನಡೆಸುತ್ತದೆ.

ವೆಚ್ಚವನ್ನು ಮೊದಲ ವರ್ಷದ ಶುಲ್ಕದಿಂದ ಅಳೆಯುವುದು ಸರಿಯಲ್ಲ. ಪೂರ್ಣಾವಧಿಯ ಶುಲ್ಕ, ವಿದ್ಯಾರ್ಥಿನಿಲಯ, ಊಟ, ಪ್ರಯಾಣ ಇವೆಲ್ಲವನ್ನೂ ಕೂಡಿಸಬೇಕು. ಮೂರು ನಾಲ್ಕು ಕಾಲೇಜುಗಳ ವಿವರಗಳನ್ನು ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದುಕೊಂಡರೆ ವ್ಯತ್ಯಾಸಗಳು ತಾವಾಗಿಯೇ ಕಾಣುತ್ತವೆ. ಪ್ರವೇಶದ ವೇಳೆ ಮೂಲ ಪ್ರಮಾಣಪತ್ರಗಳನ್ನು ಪರಿಶೀಲಿಸಿ ಹಿಂತಿರುಗಿಸಬೇಕೇ ಹೊರತು ಕಾಲೇಜು ತನ್ನಲ್ಲಿ ಇರಿಸಿಕೊಳ್ಳತಕ್ಕದ್ದಲ್ಲವೆಂದು ಯು.ಜಿ.ಸಿ. 2018ರಲ್ಲಿ ಸೂಚಿಸಿದೆ.

ಹಳೆಯ ಕಟ್ಟಡವಾಗಲಿ, ಹೊಸ ಜಾಹೀರಾತಾಗಲಿ ಶಿಕ್ಷಣದ ಭರವಸೆಯಾಗದು. ಅರ್ಜಿಗೆ ಮುನ್ನ ವಿಚಾರಣೆಗಾಗಿ ವ್ಯಯಿಸಿದ ಕೆಲವು ದಿನಗಳು ಮುಂದಿನ ಹಲವು ವರ್ಷಗಳನ್ನು ಕಾಪಾಡುತ್ತವೆ.