ಮನೆ ಮಗ್ಗುಲ ಹಿರಿಮರ: ಕಡಿಮೆ ಖರ್ಚಿನಲ್ಲಿ ಕೊಂಬೆ ಸವರುವ ಕ್ರಮ

ಮಳೆಗಾಲ ಹತ್ತಿರ ಬಂತೆಂದರೆ ಮಲೆನಾಡಿನ ಸಣ್ಣ ಬೆಳೆಗಾರರಿಗೆ ಒಂದು ಚಿಂತೆ ತಪ್ಪಿದ್ದಲ್ಲ. ಹಿರಿಯರ ಕಾಲದ ಹಲಸೋ, ಹೆಬ್ಬಲಸೋ, ನೇರಳೆಯೋ ಮನೆಯ ಮಾಡಿನ ಮೇಲೆ ಚಾಚಿಕೊಂಡಿರುತ್ತದೆ. ಗಾಳಿ ಎದ್ದರೆ ಯಾವ ಕೊಂಬೆ ಹೆಂಚಿನ ಮೇಲೆ ಬೀಳುವುದೋ, ಯಾವುದು ಕೊಟ್ಟಿಗೆಯ ಮೇಲೆ ಬೀಳುವುದೋ ಹೇಳಲಾಗದು. ಮರವನ್ನೇ ಉರುಳಿಸೋಣವೆಂದರೆ ಮನಸ್ಸು ಬಾರದು. ಹಣ್ಣು, ನೆರಳು, ಹಬ್ಬಿಸಿದ ಮೆಣಸಿನ ಬಳ್ಳಿ ಎಲ್ಲವೂ ಅದರಲ್ಲಿವೆ. ಪೂರ್ತಿ ಕಪಾತು ಮಾಡಿಸೋಣವೆಂದರೆ ಮರ ಹತ್ತುವವರ ಕೂಲಿ ಕೈಗೆಟುಕದು. ಇರುವ ಸ್ವಲ್ಪ ಹಣವನ್ನು ಯಾವ ಕೊಂಬೆಗೆ ಖರ್ಚು ಮಾಡಬೇಕು, ಯಾವುದನ್ನು ಮುಟ್ಟಬಾರದು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ನೆತ್ತಿ ಕಡಿಸುವುದು ಅಗ್ಗವಲ್ಲ

ಹಣ ಕಡಿಮೆ ಇದ್ದಾಗ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: "ನೆತ್ತಿ ಕಡಿದುಬಿಡಿ, ಒಂದೇ ದಿನದ ಕೆಲಸ." ಅದು ಆ ದಿನದ ಮಟ್ಟಿಗೆ ಅಗ್ಗ. ಆದರೆ ಮರಕ್ಕೆ ಆಹಾರ ತಯಾರಾಗುವುದು ಎಲೆಯಲ್ಲಿ. ತಲೆಯನ್ನೇ ತೆಗೆದಾಗ ಮರ ಉಳಿದ ಶಕ್ತಿಯನ್ನೆಲ್ಲ ಸುರಿದು ಕಡಿದ ಜಾಗದ ಸುತ್ತ ಗೊಂಚಲು ಗೊಂಚಲಾಗಿ ಚಿಗುರು ಬಿಡುತ್ತದೆ. ಈ ಚಿಗುರುಗಳು ಸಹಜ ಕೊಂಬೆಯ ಹಾಗೆ ಒಳಮರದಿಂದ ಬೆಳೆದವಲ್ಲ; ತೊಗಟೆಯ ಅಡಿಯಲ್ಲಿ ಅಂಟಿಕೊಂಡಂತೆ ನಿಂತಿರುತ್ತವೆ. ಇತ್ತ ಅಗಲವಾದ ಗಾಯದ ಮೇಲೆ ಮಳೆನೀರು ನಿಂತು ಕೊಳೆ ಒಳಕ್ಕೆ ಇಳಿಯುತ್ತದೆ. ಕೆಲವು ವರ್ಷಗಳಲ್ಲಿ ಕೊಳೆತ ಬುಡದ ಮೇಲೆ ಭಾರವಾದ ಹೊಸ ಕೊಂಬೆಗಳು ಎದ್ದಿರುತ್ತವೆ. ಮೊದಲಿಗಿಂತ ಹೆಚ್ಚು ಅಪಾಯ, ಮತ್ತೆ ಕಡಿಸುವ ಖರ್ಚು. ನೆತ್ತಿ ಕಡಿಸಿದವರ ಖರ್ಚು ಉಳಿಯುವುದಿಲ್ಲ, ಮುಂದಕ್ಕೆ ಹೋಗುತ್ತದೆ ಅಷ್ಟೆ.

ಮೊದಲು ನೆಲದಲ್ಲಿ ನಿಂತು ನೋಡುವುದು

ಆಳನ್ನು ಕರೆಯುವ ಮುಂಚೆ ಮರವನ್ನು ನಾಲ್ಕೂ ದಿಕ್ಕಿನಿಂದ ನೋಡಿ ಕೆಳಗಿನ ಕ್ರಮದಲ್ಲಿ ಪಟ್ಟಿ ಮಾಡಿಕೊಳ್ಳಬೇಕು. ಇದಕ್ಕೆ ಖರ್ಚಿಲ್ಲ.

1. ಮನೆ, ಕೊಟ್ಟಿಗೆ, ಕಣ, ನಡೆದಾಡುವ ದಾರಿಯ ಮೇಲಿರುವ ಒಣಗಿದ ಕೊಂಬೆಗಳು.

2. ಸೀಳಿದ, ಮುರಿದು ನೇತಾಡುತ್ತಿರುವ ಕೊಂಬೆಗಳು.

3. ಬಂದಳಿಕೆ ಹಿಡಿದ ಕೊಂಬೆಗಳು. ಬಂದಳಿಕೆಯನ್ನು ಮಾತ್ರ ಕಿತ್ತರೆ ಒಳಗೆ ಉಳಿದ ಬೇರಿನಿಂದ ಮತ್ತೆ ಚಿಗುರುತ್ತದೆ. ಅದು ಅಂಟಿರುವ ಜಾಗಕ್ಕಿಂತ ಒಂದು ಅಡಿ ಕೆಳಗೆ, ಮರದ ಕೊಂಬೆಯನ್ನೇ ತೆಗೆಯಬೇಕು. ಹಣ್ಣಾಗುವ ಮುಂಚೆ ತೆಗೆದರೆ ಹಕ್ಕಿಗಳು ಬೀಜ ಹರಡುವುದೂ ತಪ್ಪುತ್ತದೆ.

4. ಒಂದಕ್ಕೊಂದು ಉಜ್ಜುವ ಕೊಂಬೆಗಳು; ಮಾಡಿಗೆ ತಾಗುವ ಹಸಿ ಕೊಂಬೆಗಳು.

ಮೊದಲ ವರ್ಷ ಒಂದು, ಎರಡನ್ನು ಮುಗಿಸಿದರೆ ಸಾಕು. ಮೂರನೆಯದು ಎರಡನೇ ವರ್ಷಕ್ಕೆ, ನಾಲ್ಕನೆಯದು ಮೂರನೇ ವರ್ಷಕ್ಕೆ ಇರಲಿ. ಹೀಗೆ ಮೂರು ವರ್ಷಕ್ಕೆ ಹಂಚಿದರೆ ಕೈಗೂ ಹೊರೆಯಿಲ್ಲ, ಮರಕ್ಕೂ ಒಳ್ಳೆಯದು. ಬೆಳೆದ ಮರದಿಂದ ಒಂದೇ ವರ್ಷದಲ್ಲಿ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಮುದಿ ಮರವಾದರೆ ಅದಕ್ಕೂ ಕಡಿಮೆ. ಒಣ ಕೊಂಬೆಗೆ ಈ ಮಿತಿ ಇಲ್ಲ.

ಮರ ಹೊಸದಾಗಿ ವಾಲಿದ್ದರೆ, ಬುಡದ ಮಣ್ಣು ಬಿರುಕು ಬಿಟ್ಟು ಬೇರು ಎದ್ದಿದ್ದರೆ, ಬುಡದ ಸುತ್ತ ದಪ್ಪ ಅಣಬೆಗಳು ಕಟ್ಟಿದ್ದರೆ ಅದು ಕೊಂಬೆ ಸವರಿ ತೀರುವ ಸಮಸ್ಯೆಯಲ್ಲ. ತಿಳಿದವರಿಗೆ ತಡಮಾಡದೆ ತೋರಿಸತಕ್ಕದ್ದು.

ಕೊಯ್ಯುವ ಜಾಗ ಯಾವುದು?

ಕೊಂಬೆ ಕಾಂಡಕ್ಕೆ ಸೇರುವಲ್ಲಿ ಬಳೆ ತೊಡಿಸಿದಂಥ ಒಂದು ಉಬ್ಬು ಇರುತ್ತದೆ. ಆ ಉಬ್ಬು ಕಾಂಡಕ್ಕೆ ಸೇರಿದ್ದು. ಗರಗಸ ಹಾಕಬೇಕಾದ್ದು ಉಬ್ಬಿನ ಹೊರಗಡೆ, ಅದಕ್ಕೆ ತಾಗಿದಂತೆ. ಉಬ್ಬನ್ನೂ ಸೇರಿಸಿ ಕಾಂಡಕ್ಕೆ ಸಮನಾಗಿ ಹೆರೆದರೆ ಗಾಯ ದೊಡ್ಡದಾಗಿ ಕೊಳೆ ಕಾಂಡಕ್ಕೇ ಹೋಗುತ್ತದೆ. ಗೇಣುದ್ದದ ಗೂಟ ಬಿಟ್ಟರೆ ಆ ಗೂಟ ಒಣಗಿ, ಕೊಳೆತು, ಅದರ ಮೂಲಕ ಕೊಳೆ ಒಳಗಿಳಿಯುತ್ತದೆ.

ಇದರ ಕಾರಣವನ್ನು ವಿವರಿಸಿದವರು ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶೈಗೊ. ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ, 1977ರಲ್ಲಿ ಅವರು ಪ್ರಕಟಿಸಿದ ವಿಚಾರ ಹೀಗಿದೆ: ನಮ್ಮ ಮೈಮೇಲಿನ ಗಾಯ ಮಾಯುವ ಹಾಗೆ ಮರದ ಗಾಯ ಮಾಯುವುದಿಲ್ಲ. ಮರ ಗಾಯದ ಸುತ್ತ ಒಳಗೇ ಗೋಡೆ ಕಟ್ಟಿ ಕೊಳೆಯನ್ನು ಬೇರ್ಪಡಿಸಿ, ಹೊರಗೆ ಹೊಸ ಮರ ಬೆಳೆಸಿ ಮುಚ್ಚುತ್ತದೆ. ಈ ಗೋಡೆ ಗಟ್ಟಿಯಾಗಿ ಏಳುವುದು ಕೊಂಬೆಯ ಬುಡದ ಉಬ್ಬಿನಲ್ಲಿ. ಗಾಯಕ್ಕೆ ಡಾಂಬರು, ಬಣ್ಣ ಬಳಿದರೆ ಕೊಳೆ ತಡೆಯುವುದಿಲ್ಲವೆಂದೂ ಅವರು ತೋರಿಸಿದರು. ಆದ್ದರಿಂದ ಹಿರಿಮರದ ಗಾಯಕ್ಕೆ ಡಾಂಬರಿನ ಖರ್ಚು ಬೇಡ. ಆ ಹಣಕ್ಕೆ ಒಳ್ಳೆಯ ಗರಗಸ ಕೊಳ್ಳಬಹುದು. ಬೆಳೆಗಳಿಗೆ ಶಿಫಾರಸಾದ ಬೋರ್ಡೋ ಮುಲಾಮಿನ ಮಾತು ಬೇರೆ.

ಮೂರು ಕೊಯ್ತದ ಕ್ರಮ

ದಪ್ಪ ಕೊಂಬೆಯನ್ನು ಮೇಲಿನಿಂದ ಒಂದೇ ಸಲ ಕಡಿದರೆ ಅದು ಬೀಳುವಾಗ ಕಾಂಡದ ತೊಗಟೆಯನ್ನೂ ಉದ್ದಕ್ಕೆ ಸುಲಿದುಕೊಂಡು ಹೋಗುತ್ತದೆ. ಇದನ್ನು ತಪ್ಪಿಸಲು:

ಒಂದನೆಯದು: ಕಾಂಡದಿಂದ ಒಂದು ಅಡಿ ದೂರದಲ್ಲಿ ಕೊಂಬೆಯ ಅಡಿಭಾಗದಿಂದ ಮೇಲಕ್ಕೆ, ಅದರ ದಪ್ಪದ ಮೂರನೇ ಒಂದು ಭಾಗದಷ್ಟು ಕೊಯ್ಯುವುದು.

ಎರಡನೆಯದು: ಅಲ್ಲಿಂದ ಎರಡು-ಮೂರು ಅಂಗುಲ ಹೊರಗೆ, ಮೇಲಿನಿಂದ ಕೆಳಕ್ಕೆ ಕೊಯ್ಯುವುದು. ಕೊಂಬೆ ಸುಲಿಯದೆ ತುಂಡಾಗಿ ಬೀಳುತ್ತದೆ.

ಮೂರನೆಯದು: ಉಳಿದ ಹಗುರವಾದ ಗೂಟವನ್ನು ಉಬ್ಬಿನ ಹೊರಗೆ ನಯವಾಗಿ ಕೊಯ್ದು ತೆಗೆಯುವುದು.

ಮಾಡಿನ ಮೇಲಿನ ಕೊಂಬೆಯನ್ನು ತುದಿಯಿಂದ ತುಂಡು ತುಂಡಾಗಿ, ಹಗ್ಗ ಕಟ್ಟಿ ಇಳಿಸಬೇಕು. ಕತ್ತಿ, ಕೊಡಲಿಯ ಪೆಟ್ಟಿಗಿಂತ ಗರಗಸ ಮೇಲು. ಸರಿಯಾಗಿ ಕೊಯ್ದ ಗಾಯದ ಸುತ್ತ ಮುಂದಿನ ವರ್ಷಗಳಲ್ಲಿ ದುಂಡನೆಯ ತುಟಿಯಂತೆ ಹೊಸ ಮರ ಕಟ್ಟಿಕೊಳ್ಳುವುದನ್ನು ಕಾಣಬಹುದು.

ಯಾವಾಗ, ಯಾವ ಕಡೆ?

ಒಣ ಕೊಂಬೆಯನ್ನು ಮಳೆಯಿಲ್ಲದ ಯಾವ ದಿನವಾದರೂ ತೆಗೆಯಬಹುದು. ಮನೆಯ ಪಕ್ಕದ ಮರದ ಹಸಿ ಕೊಂಬೆಗೆ ಕಾಫಿ ಕೊಯ್ಲು ಮುಗಿದ ಮೇಲೆ, ಬೇಸಿಗೆಯ ಗುಡುಗು ಗಾಳಿಗೆ ಮುಂಚಿನ ದಿನಗಳು ಅನುಕೂಲ. ಮರದಡಿ ಕಾಫಿ ಇದ್ದರೆ ಹೂಮಳೆ, ಬ್ಯಾಕಿಂಗ್ ಮಳೆ ಕಳೆದು ಬಿಸಿಲಿನ ಕಾವು ಇಳಿದ ಮೇಲೆ, ಮುಂಗಾರಿಗೆ ಸ್ವಲ್ಪ ಮುಂಚೆ ಕೈಹಾಕುವುದು ಲೇಸು. ಕಡು ಬೇಸಿಗೆಯಲ್ಲಿ ನೆರಳು ಒಮ್ಮೆಲೇ ಬಯಲಾದರೆ ಎಲೆ ಸುಡುತ್ತದೆ. ಅರೇಬಿಕಾದಲ್ಲಿ ಬಿಸಿಲಿಗೆ ತೆರೆದುಕೊಂಡ ಗಿಡಗಳಿಗೇ ಬಿಳಿ ಕಾಂಡಕೊರಕದ ಕಾಟ ಹೆಚ್ಚು.

ಅಡಿಕೆ ತೋಟದ ನೈಋತ್ಯ ಅಂಚಿನಲ್ಲಿರುವ ಮರವನ್ನಂತೂ ಬಹಳ ಎಚ್ಚರಿಕೆಯಿಂದ ಸವರಬೇಕು. ಆ ದಿಕ್ಕಿನ ಇಳಿಬಿಸಿಲು ನೇರವಾಗಿ ಬಿದ್ದರೆ ಅಡಿಕೆಯ ಕಾಂಡ ಸುಟ್ಟು, ಬಿರಿದು, ಕೊನೆಗೆ ಗಾಳಿಗೆ ಮುರಿಯುತ್ತದೆ. ಅಲ್ಲಿ ಒಣ ಕೊಂಬೆಗಷ್ಟೇ ಕೈಹಾಕಿ ಹಸಿರನ್ನು ಬಿಡುವುದು ಲಾಭ.

ಸಿಲ್ವರ್ ಓಕ್‌ಗೆ ಹೆಸರಿನಲ್ಲಿ ಓಕ್ ಇದ್ದರೂ ಅದು ಓಕ್ ಜಾತಿಯದಲ್ಲ, ಆಸ್ಟ್ರೇಲಿಯಾದಿಂದ ಬಂದದ್ದು. ಇದರ ಕೊಂಬೆ ಪೆಡಸು, ಗಾಳಿಗೆ ಬೇಗ ಮುರಿಯುತ್ತದೆ. ಅಡ್ಡ ಕೊಂಬೆಗಳು ಹೆಬ್ಬೆರಳು ಗಾತ್ರವಿರುವಾಗಲೇ ವರ್ಷಕ್ಕೊಮ್ಮೆ ತೆಗೆದರೆ ಖರ್ಚೂ ಇಲ್ಲ, ಗಾಯವೂ ಚಿಕ್ಕದು.

ಕೂಲಿಯ ಲೆಕ್ಕ

"ಕೂಲಿ ಬೇಡ, ಸೌದೆ ನನಗಿರಲಿ" ಎಂದು ಬರುವವರಿದ್ದಾರೆ. ಒಪ್ಪುವ ಮುನ್ನ ಯೋಚಿಸಬೇಕು. ಸೌದೆಗಾಗಿ ಕಡಿಯುವವನ ಕಣ್ಣು ದಪ್ಪನೆಯ ಗಟ್ಟಿ ಕೊಂಬೆಯ ಮೇಲೆ. ನಮಗೆ ತೆಗೆಸಬೇಕಾದ್ದು ಒಣಗಿದ ಸಣ್ಣ ಕೊಂಬೆ. ಕಡಿಯಬೇಕಾದ ಕೊಂಬೆಗಳನ್ನು ಮೊದಲೇ ತೋರಿಸಿ ದಿನಗೂಲಿಗೆ ಮಾಡಿಸುವುದೇ ಮೇಲು. ಅಕ್ಕಪಕ್ಕದ ಮೂರು-ನಾಲ್ಕು ಮನೆಯವರು ಸೇರಿ ಅನುಭವಸ್ಥ ಆಳೊಬ್ಬನನ್ನು ಕರೆಸಿ, ಹಗ್ಗ ಹಿಡಿಯುವ, ಸೌದೆ ಎಳೆಯುವ ನೆಲದ ಕೆಲಸವನ್ನು ಮುಯ್ಯಾಳಿನಿಂದ ಮಾಡಿಕೊಂಡರೆ ಖರ್ಚು ಬಹಳ ಇಳಿಯುತ್ತದೆ. ಸೌದೆ ಒಲೆಗೆ, ಸೊಪ್ಪು ತೋಟಕ್ಕೆ.

ಅಂಗಳ ಸಮ ಮಾಡುವಾಗ ಬೇರು ಕಡಿಯದಿರುವುದು, ಬುಡಕ್ಕೆ ಮಣ್ಣು ಪೇರಿಸದಿರುವುದು, ಬೆಂಕಿ ಹಾಕದಿರುವುದು, ಇವು ಕಾಸಿಲ್ಲದ ಆರೈಕೆ. ಬೇರು ಕಳೆದುಕೊಂಡ ಮರದಲ್ಲೇ ಮುಂದೆ ಕೊಂಬೆ ಒಣಗುವುದು.

ಉಳಿತಾಯ ಮಾಡಬಾರದ ಕಡೆ

ವಿದ್ಯುತ್ ತಂತಿಯ ಹತ್ತಿರದ ಕೊಂಬೆಗೆ ಮನೆಯವರಾಗಲಿ ಆಳುಗಳಾಗಲಿ ಕೈಹಾಕಕೂಡದು. ಕಾಫಿ ಸೀಮೆಯಲ್ಲಿ ಅಲ್ಯೂಮಿನಿಯಂ ಏಣಿ ತಂತಿಗೆ ತಗುಲಿ ಪ್ರಾಣ ಹೋದ ಪ್ರಸಂಗಗಳು ಮತ್ತೆ ಮತ್ತೆ ನಡೆದಿವೆ. ಹಸಿ ಕೊಂಬೆಯಲ್ಲೂ ವಿದ್ಯುತ್ ಹರಿಯುತ್ತದೆ. ಚಿಕ್ಕಮಗಳೂರು, ಶಿವಮೊಗ್ಗದವರು ಮೆಸ್ಕಾಂಗೆ, ಹಾಸನ, ಕೊಡಗಿನವರು ಸೆಸ್ಕ್‌ಗೆ ತಿಳಿಸಿ, ಲೈನ್‌ಮನ್ ಬಂದು ಲೈನ್ ಆಫ್ ಮಾಡಿದ ಮೇಲೆಯೇ ಕೆಲಸ ಮಾಡಿಸಬೇಕು. ಮರ ಹತ್ತುವವನಿಗೆ ಸೊಂಟಕ್ಕೆ ಬೆಲ್ಟು, ಪ್ರತ್ಯೇಕ ಹಗ್ಗ ಇರಲೇಬೇಕು. ಕೆಳಗೆ ಮಕ್ಕಳು, ದನಕರು ಸುಳಿಯದಂತೆ ಒಬ್ಬರು ಕಾಯಬೇಕು. ಮಳೆ ಬಿದ್ದು ತೊಗಟೆ ಜಾರುವ ದಿನ ಹತ್ತಿಸಬಾರದು.

ಮರವನ್ನೇ ಉರುಳಿಸುವ ಯೋಚನೆಯಿದ್ದರೆ 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕು. ಸಿಲ್ವರ್ ಓಕ್‌ನಂಥ ಕೆಲವಕ್ಕೆ ಮಾತ್ರ ವಿನಾಯಿತಿ. ದೊಡ್ಡ ಹಸಿ ಕೊಂಬೆಯಾದರೂ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯುವುದು ಕ್ಷೇಮ.

ಹಿರಿಮರ ಬೆಳೆಯಲು ಎರಡು ಮೂರು ತಲೆಮಾರು ಬೇಕು. ಬೆಳೆಗಾರ ಬಂಧುಗಳು ಈ ವರ್ಷ ಬೇರೇನೂ ಮಾಡಲಾಗದಿದ್ದರೂ ಮಾಡಿನ ಮೇಲಿನ ಒಣ ಕೊಂಬೆಯನ್ನಾದರೂ ಮುಂಗಾರಿಗೆ ಮುಂಚೆ ಇಳಿಸಿಕೊಳ್ಳಲಿ; ಉಳಿದದ್ದನ್ನು ಬರುವ ವರ್ಷ ನೋಡಿಕೊಂಡರಾಯಿತು.