ಗುತ್ತಿಯಲ್ಲಿ ಇಲ್ಲದ ಗುತ್ತಿ ಜೇಡ

ಹೆಸರು ಗುತ್ತಿ ಟ್ಯಾರಂಟುಲಾ. ಆದರೆ ಈ ನೀಲಿ ಜೇಡದ ಊರು ಗುತ್ತಿಯಲ್ಲ! ಬಳ್ಳಾರಿಯಾಚೆ, ಆಂಧ್ರದ ಗುತ್ತಿಯ ರೈಲ್ವೆ ಟಿಂಬರ್ ಯಾರ್ಡ್‌ನಲ್ಲಿ ಸಿಕ್ಕಿದ ಇದಕ್ಕೆ 1899ರಲ್ಲಿ ಬ್ರಿಟಿಷ್ ವಿಜ್ಞಾನಿ ಪೋಕಾಕ್ ವೈಜ್ಞಾನಿಕ ಹೆಸರಿಟ್ಟರು. ಬಹುಶಃ ದಿಮ್ಮಿಗಳ ಜೊತೆ ರೈಲಿನಲ್ಲಿ ಬಂದಿತ್ತು. ಮತ್ತೆ ಕಂಡಿದ್ದು 2001ರಲ್ಲಿ, ನಂದ್ಯಾಲ–ಗಿದ್ದಲೂರು ನಡುವಿನ ಕಾಡಿನಲ್ಲಿ. ತಿಳಿದಿರುವ ನೆಲೆ 100 ಚದರ ಕಿ.ಮೀ.ಗೂ ಕಡಿಮೆ.

ಆ ನೀಲಿ ಬಣ್ಣದ್ರವ್ಯದಿಂದ ಬಂದದ್ದಲ್ಲ. ಮೈಮೇಲಿನ ಕೂದಲಿನ ನ್ಯಾನೊ ರಚನೆ ಬೆಳಕಿನಿಂದ ನೀಲಿಯನ್ನು ಮರಳಿಸುತ್ತದೆ. ನಾವು ಎಂಜಿನಿಯರಿಂಗ್‌ನಲ್ಲಿ ಓದುವ ವಿದ್ಯೆ ಇದಕ್ಕೆ ಹುಟ್ಟಿನಿಂದಲೇ ಬಂದಿದೆ!

ಆ ಚೆಲುವಿಗೆ ಮರುಳಾಗಿ ವಿದೇಶಗಳಲ್ಲಿ ಇದನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕುತ್ತಾರೆ, ಮರಿ ಮಾಡಿಸುತ್ತಾರೆ. ತವರಿನಲ್ಲಿ ಮಾತ್ರ ಅದು ವಾಸಿಸುವ ಪೊಟರೆಯ ಹಳೆ ಮರಗಳು ಸೌದೆಗೆ, ದಿಮ್ಮಿಗೆ ಉರುಳುತ್ತಿವೆ. ಪೆಟ್ಟಿಗೆಯಲ್ಲಿ ಜೇಡ ಉಳಿದೀತು. ಕಾಡಿನಲ್ಲಿ ಉಳಿಯಬೇಕಾದರೆ ಮರವೇ ಉಳಿಯಬೇಕಲ್ಲವೇ?